ಉಡುಪರ ಕಾಲು

ನಂಜನಗೂಡಿನಲ್ಲಿ ಬೆಳೆದು ನಂಜಿನಿಂದಲೇ ಹೊಟ್ಟೆ ಹೊರೆದವನು ಬದರೀನಾರಾಯಣ. ಅವನಿಗೂ ಊರ ದೇವರಿಗೂ ಇದ್ದ ವ್ಯತ್ಯಾಸ ಇಷ್ಟೆ: ನಂಜುಂಡ ನಂಜನ್ನು ಒಂದೇ ಸಲಕ್ಕೆ ಉಂಡು ಹೆಸರು ಮಾಡಿದ, ಬದರಿ ಅದನ್ನು ಇಪ್ಪತ್ತೆಂಟು ವರ್ಷ, ಭಾನುವಾರ ಮತ್ತು ಸರ್ಕಾರಿ ರಜೆ ಬಿಟ್ಟು, ದಿನವೂ ಹತ್ತಿಯಲ್ಲಿ ಒರೆಸಿ ಒರೆಸಿ ಬಕೆಟ್ಟಿಗೆ ಹಾಕಿದ. ತಿರುಮಕೂಡಲು ನರಸೀಪುರದ ಆಸ್ಪತ್ರೆಯಲ್ಲಿ ಅವನು ಡ್ರೆಸ್ಸರ್. ನೆಂಟರಿಷ್ಟರ ಮುಂದೆ ಅವನ ಸೋದರತ್ತೆ ಅಂಬುಜಮ್ಮ "ನಮ್ಮ ಬದರಿ ಆಸ್ಪತ್ರೇಲಿದಾನೆ" ಎಂದಷ್ಟೇ ಹೇಳಿ ಜಪಸರಕ್ಕೆ ಕೈ ಹಾಕುತ್ತಿದ್ದರು. ಇರುವುದು ಡಾಕ್ಟರಾಗಿಯೋ ರೋಗಿಯಾಗಿಯೋ ಎಂಬುದನ್ನು ಕೇಳಿದವರೇ ತೀರ್ಮಾನಿಸಿಕೊಳ್ಳಬೇಕು.

ಅವನ ಕಟ್ಟು ಎಂದರೆ ಎರಡು ತಾಲ್ಲೂಕಿಗೆ ಹೆಸರು. ಲಾರಿ ಡ್ರೈವರುಗಳು "ಬದರಪ್ಪನ ಕಟ್ಟು ಬಿಚ್ಚಬೇಕಾದ್ರೆ ಬದರಪ್ಪನೇ ಬರಬೇಕು" ಎನ್ನುತ್ತಿದ್ದರು. ಬ್ಯಾಂಡೇಜು ಕಟ್ಟುವುದರಲ್ಲಿ ಇಷ್ಟು ನಿಪುಣನಾದವನಿಗೆ ಕಥೆ ಕಟ್ಟುವುದು ಮಾತ್ರ ಬರುತ್ತಿರಲಿಲ್ಲ. ಸುಳ್ಳು ಹೇಳಲು ಹೊರಟರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಸೀನು ಬರುತ್ತಿತ್ತು.

ಈ ಕಸುಬಿಗೆ ಅವನು ಬಂದದ್ದಕ್ಕೂ ಒಂದು ಕಾರಣವಿತ್ತು. ತಂದೆ ಸುತ್ತೂರಿನ ಬಳಿ ಮೇಷ್ಟ್ರಾಗಿದ್ದರು. ಬದರಿಗೆ ಒಂಬತ್ತು ವರ್ಷವಾಗಿದ್ದಾಗ ಅವರ ಅಂಗಾಲಿಗೆ ಒಂದು ಮುಳ್ಳು ಹೊಕ್ಕಿತು. "ಮುಳ್ಳು ತಾನೆ" ಎಂದರು. ಹನ್ನೆರಡನೆಯ ದಿನ ಹೋಗಿಬಿಟ್ಟರು. ತಾಯಿ ಮೊದಲೇ ಇರಲಿಲ್ಲ. ಹುಡುಗನನ್ನು ನಂಜನಗೂಡಿಗೆ ಕರೆತಂದು, ಕಪಿಲಾ ನದಿಯ ಕಡೆಗಿನ ಅಗ್ರಹಾರದಲ್ಲಿದ್ದ ತಮ್ಮ ಮನೆಯಲ್ಲಿ ಸಾಕಿದವರು ಅಂಬುಜಮ್ಮ. ಗಂಡ ಬಿಟ್ಟುಹೋದ ಮನೆ, ಮಕ್ಕಳಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಎರಡು ಸಲ ಬದರಿಯನ್ನು ಕೆಡವಿದ್ದರಿಂದ ಅವನು ಡಾಕ್ಟರಾಗಲಿಲ್ಲ. ಆದರೆ ಅವನ ನಿಘಂಟಿನಲ್ಲಿ 'ಸಣ್ಣ ಗಾಯ' ಎಂಬ ಪದವೂ ಇರಲಿಲ್ಲ. ಭಾನುವಾರ ಆಸ್ಪತ್ರೆಗೆ ರಜೆ, ಗಾಯಕ್ಕೆ ರಜೆಯಿಲ್ಲ ಎಂದು ಅಂದು ಬೆಳಗ್ಗೆ ಮನೆಯ ಜಗಲಿಯ ಮೇಲೇ ಕೂತು ಬಂದವರಿಗೆಲ್ಲ ಪುಕ್ಕಟೆ ಕಟ್ಟುತ್ತಿದ್ದ.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೆಯ ಇಸವಿ, ಮಾಘಮಾಸ. ಅಂಬುಜಮ್ಮ ತಿಂಗಳು ಪೂರ್ತಿ ಸಂಗಮಸ್ನಾನ ಮಾಡುವ ಸಂಕಲ್ಪದಿಂದ ನರಸೀಪುರಕ್ಕೆ ಹೋಗಿ, ತಂಗಿಯ ಮಗ ಸೀತಾರಾಮನ ಮನೆಯಲ್ಲಿ ಇಳಿದುಕೊಂಡಿದ್ದರು. ನಂಜನಗೂಡಿನಲ್ಲಿ ಬದರಿ ಮತ್ತು ಅವನ ಹೆಂಡತಿ ಚಂಪಕ ಇಬ್ಬರೇ. ಅಂಥ ಒಂದು ಭಾನುವಾರ ಚಿಕ್ಕಯ್ಯನಛತ್ರದ ನಿಂಗರಾಜು ಬಂದ. ಕಬ್ಬು ಕಡಿಯುವ ಕೂಲಿ. ಹಿಂದಿನ ತಿಂಗಳು ಇದೇ ಜಗಲಿಯ ಮೇಲೆ ತನ್ನ ಹೆಬ್ಬೆರಳಿಗೆ ಕಟ್ಟಿಸಿಕೊಂಡು ಹೋಗಿದ್ದವನು. ಈಗ ಹೆಗಲ ಮೇಲೆ ಒಂದು ಗೋಣಿಚೀಲ.

"ಸಾ, ಒಂದ್ ಗಾಯ ಇತ್ತು."

"ನಿಂದು ಹೋದ ತಿಂಗಳೇ ವಾಸಿಯಾಯ್ತಲ್ಲಯ್ಯ."

"ನಂದಲ್ಲ ಸಾ. ಇವುನ್ದು." ನಿಂಗರಾಜು ಚೀಲ ಕೆಳಗಿಟ್ಟ. ಚೀಲ ತಾನಾಗಿಯೇ ಮಗ್ಗುಲು ಬದಲಾಯಿಸಿತು.

ಬದರಿ ಬಾಯಿ ಬಿಚ್ಚಿ ನೋಡಿದ. ಚೀಲದ ಬಾಯನ್ನೂ, ಆಮೇಲೆ ತನ್ನದನ್ನೂ. ಒಳಗೆ ಎರಡಡಿ ಉದ್ದದ ಒಂದು ಉಡ. ಇನ್ನೂ ಎಳೆಯದು. ಹಿಂಗಾಲಿನ ಎರಡು ಬೆರಳ ನಡುವೆ ಅರ್ಧ ಅಂಗುಲದ ಸೀಳು, ಮಣ್ಣು ಮೆತ್ತಿಕೊಂಡಿತ್ತು.

"ಕಬ್ಬು ಕಡೀತಿದ್ದೆ ಸಾ, ಬುಡದಲ್ ಮನ್ಗಿತ್ತು. ಮಚ್ಚು ತಾಕ್ಬುಡ್ತು. ಕುಯ್ದೋನು ನಾನು, ಕಟ್ಟೋರು ನೀವು."

"ಊರಲ್ಲೇ ಇಟ್ಕೊಂಡು ಒಂದಿಷ್ಟು ಅರಿಶಿನ ಹಚ್ಚಬಾರದಿತ್ತೇನೋ."

"ಅಳ್ಳೀಲಿ ಮಡಿಕಂಡ್ರೆ ಅರಿಸ್ನಾನೂ ಅಚ್ತರೆ, ಕಾರಾನೂ ಅಚ್ತರೆ ಸಾ. ಆಮೇಲೆ ಒಗ್ಗರ್ಣೆ."

ಎದುರುಮನೆಯ ಬಾಗಿಲು ಕಿರುಗುಟ್ಟಿತು. ಅಗ್ರಹಾರದಲ್ಲಿ ಬಾಗಿಲು ಕಿರುಗುಟ್ಟಿದರೆ ಅದರ ಹಿಂದೆ ಎರಡು ಕಣ್ಣಿವೆ ಎಂದರ್ಥ. ಬದರಿ ಯೋಚಿಸಲಿಲ್ಲ, ಚೀಲವನ್ನು ತಬ್ಬಿಕೊಂಡು ಎತ್ತಿ ನೇರ ಒಳಗೆ ಹೊತ್ತುಕೊಂಡು ನಡೆದ. ನಡುಮನೆ ದಾಟಿ ಬಚ್ಚಲಿಗೆ ಬಂದು ಇಳಿಸಿದ ಮೇಲಷ್ಟೇ ತಾನು ಮಾಡಿದ ಕೆಲಸ ಅರ್ಥವಾಯಿತು.

ಆ ಕಡೆಯಲ್ಲೆಲ್ಲ ಉಡ ಹೊಕ್ಕ ಮನೆಗೆ ಆರು ತಿಂಗಳು ಬೀಗ. ಮನೆಯವರು ಪಾತ್ರೆಪಗಡದ ಸಮೇತ ಹೊರಟು, ಆರು ತಿಂಗಳು ಬೇರೆಲ್ಲೋ ಕಳೆದು, ಶಾಂತಿ ಮಾಡಿಸಿಯೇ ಮತ್ತೆ ಒಲೆ ಹಚ್ಚಬೇಕು. ಗೂಬೆ ಕೂತರೆ ಮೂರು ತಿಂಗಳು, ಉಡಕ್ಕೆ ಆರು, ಇದರಲ್ಲಿ ರಿಯಾಯಿತಿಯಿಲ್ಲ. ಇಂಥ ವಿಷಯಗಳಲ್ಲಿ ಅಂಬುಜಮ್ಮ ಊರಿಗೇ ಪ್ರಮಾಣ. ಹಲ್ಲಿ ಬಿದ್ದರೆ ಯಾವ ಹೆಗಲಿಗೆ ಏನು ಫಲ ಎಂದು ಬೀದಿಯವರು ಪಂಚಾಂಗ ನೋಡುತ್ತಿರಲಿಲ್ಲ, ಅವರನ್ನೇ ಕೇಳುತ್ತಿದ್ದರು. ಹಲ್ಲಿಗೇ ಅಷ್ಟು ಫಲವಾದರೆ ಹಲ್ಲಿಯ ಈ ದೊಡ್ಡಪ್ಪನಿಗೆ ಎಷ್ಟು? ಎಪ್ಪತ್ತು ದಾಟಿದ ಅತ್ತೆಯನ್ನು ಅವರದೇ ಮನೆಯಿಂದ ಆರು ತಿಂಗಳು ಹೊರಗೆ ಹಾಕುವ ಪುಣ್ಯ ತನ್ನ ಪಾಲಿಗೆ ಬಂತಲ್ಲ ಎಂದು ಬದರಿ ಬಚ್ಚಲ ಹೊಸ್ತಿಲ ಮೇಲೆ ಕೂತ. ಜಗಲಿಗೆ ಬಂದು ನೋಡುವಷ್ಟರಲ್ಲಿ ನಿಂಗರಾಜು ಬಸ್ಸು ಹಿಡಿದಾಗಿತ್ತು.

ಚಂಪಕ ಬಂದು ಇಣುಕಿದಳು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಹೆದರುವ ಮೊದಲು ಹೆಸರು ತಿಳಿದುಕೊಳ್ಳುವ ಅಭ್ಯಾಸ ಅವಳದು.

"ಸಿಸ್ಟರ್ ತೋರಿಸ್ತಿದ್ದ ಪುಸ್ತಕದಲ್ಲಿ ಥೇಟ್ ಹೀಗೇ ಒಂದಿತ್ತು. ಇಗ್ವಾನ ಅಂತ. ಅಮೆರಿಕಾದ ಕಡೆ ಮನೇಲಿ ಸಾಕ್ತಾರಂತೆ. ಸೊಪ್ಪು ತಿಂದ್ಕೊಂಡು ಸಾಧುವಾಗಿರುತ್ತೆ."

"ಇದು ಸೊಪ್ಪಿನ ಪೈಕಿ ಅಲ್ಲ ಕಣೆ."

"ಮತ್ತೆ?"

ಬದರಿ ಪಕ್ಕದ ಮನೆಯ ಗೋಡೆ ನೋಡಿ ದನಿ ಇಳಿಸಿದ. "ಮೊಟ್ಟೆ."

"ಹಾಗಾದ್ರೆ ಇವತ್ತೇ ಎಲ್ಲಾದ್ರೂ ಬಿಟ್ಟು ಬನ್ನಿ."

"ಈ ಕಾಲಲ್ಲಿ? ಮರ ಹತ್ತೋಕಾಗಲ್ಲ, ಮಣ್ಣು ಕೆದಕೋಕಾಗಲ್ಲ. ಬಿಟ್ಟ ಗಳಿಗೆಗೆ ನಾಯಿ ಬಾಯಿಗೆ. ಅತ್ತೆ ಬರೋದು ಅಮಾವಾಸ್ಯೆ ಕಳೆದ ಮೇಲೆ; ಇನ್ನೂ ಹದಿನೆಂಟು ದಿನ ಇದೆ. ಅಷ್ಟರಲ್ಲಿ ವಾಸಿ ಮಾಡಿ ಕಳಿಸ್ತೀನಿ."

ಡ್ರೆಸ್ಸರ್ ಎಂದರೆ ಕನ್ನಡದಲ್ಲಿ ಉಡಿಸುವವನು. ಉಡಕ್ಕೆ ಉಡಿಸುವುದು ಅವನ ಹಣೆಯಲ್ಲಿ ಬರೆದಿತ್ತೆಂದು ಕಾಣುತ್ತದೆ.

ಮೊದಲ ದಿನದ ಚಿಕಿತ್ಸೆ ಆಸ್ಪತ್ರೆಯ ಕ್ರಮದಲ್ಲೇ ನಡೆಯಿತು. ಉರಿದಷ್ಟೂ ಒಳ್ಳೆಯದು ಎಂಬುದು ಆ ಕಾಲದ ವೈದ್ಯಶಾಸ್ತ್ರ. ಬದರಿ ಹತ್ತಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ ಗಾಯಕ್ಕೆ ಒತ್ತಿದ. ಉಡ ಅಯ್ಯೋ ಅನ್ನಲಿಲ್ಲ. ಬಾಲದಿಂದ ಅವನ ಮೊಣಕಾಲಿಗೆ ಒಂದು ಬಾರಿಸಿ, ಹಿತ್ತಿಲಿಗೆ ಓಡಿ, ಮಿಕ್ಕ ಮೂರು ಕಾಲಲ್ಲಿ ಒರಳುಕಲ್ಲನ್ನು ಅಪ್ಪಿಕೊಂಡಿತು. ಉಡದ ಪಟ್ಟು ಎನ್ನುವುದು ಬರೀ ಮಾತಲ್ಲ ಎಂದು ಗಂಡಹೆಂಡಿರಿಗೆ ಅಂದು ಗೊತ್ತಾಯಿತು. ಎಳೆದರೆ ಒರಳು ಬರುವ ಸೂಚನೆಯಿತ್ತು, ಉಡ ಬರುವ ಸೂಚನೆಯಿರಲಿಲ್ಲ. ಎರಡು ಗಂಟೆ ಕಾಯಿಸಿ, ಬಿಸಿಲು ಇಳಿದ ಮೇಲೆ, ಅದು ತಾನಾಗಿಯೇ ಬಿಟ್ಟಿತು.

"ಕೂಸಿಗೆ ಟಿಂಚರ್ ಹಾಕ್ತೀರಾ? ಉಗುರುಬೆಚ್ಚಗೆ ಉಪ್ಪುನೀರು ಮಾಡ್ಕೊಡ್ತೀನಿ" ಎಂದಳು ಚಂಪಕ. ಎನಾಮಲ್ ಬೇಸನ್ನಿನಲ್ಲಿ ಪಾದ ಮುಳುಗುವಷ್ಟು ನೀರು ಹಾಕಿ ಉಡವನ್ನು ಅದರಲ್ಲಿ ಹತ್ತು ನಿಮಿಷ ನಿಲ್ಲಿಸಿದರು. ಮಣ್ಣು ತಾನಾಗಿಯೇ ಕಳಚಿತು. ಆಮೇಲೆ ಬದರಿ ಹಳೆಯ ಸೀರೆಯ ಚೂರಿನಿಂದ ಒತ್ತಿ ಒರೆಸಿ, ಎಂಟು ಸುತ್ತಿನ ಒಂದು ಭರ್ಜರಿ ಬ್ಯಾಂಡೇಜು ಕಟ್ಟಿದ. ಬೆಳಗ್ಗೆ ನೋಡಿದರೆ ಬ್ಯಾಂಡೇಜು ಬಚ್ಚಲ ತೂಬಿನಲ್ಲಿತ್ತು. ಇಷ್ಟು ವರ್ಷದ ಕೀರ್ತಿ ತೂಬಿನ ಪಾಲಾದದ್ದು ಅವನಿಗೆ ಸಹಿಸಲಾಗಲಿಲ್ಲ. ಈ ಸಲ ಇನ್ನೂ ಬಿಗಿದು ಕಟ್ಟಿ ಬಸ್ಸಿಗೆ ಓಡಿದ.

ಮಧ್ಯಾಹ್ನದ ಊಟ ಆ ತಿಂಗಳು ಸೀತಾರಾಮನ ಮನೆಯಲ್ಲಿ. ಬದರಿ ಆಸ್ಪತ್ರೆಯಿಂದ ಅಲ್ಲಿಗೆ ನಡೆದುಹೋಗಿ, ಎಲೆಯ ಮುಂದೆ ಕೂತು, ಮನೆಯ ಸಮಾಚಾರ ಒಪ್ಪಿಸಬೇಕು. ಅಂಬುಜಮ್ಮ ಸಾರು ಬಡಿಸುತ್ತ ಮೂಗರಳಿಸಿದರು.

"ಭಾನುವಾರಾನೂ ಯಾರಿಗೋ ಟಿಂಚರ್ ಮೆತ್ತಿದೀಯ. ಕುಂಟ್ತಾ ಬೇರೆ ಬಂದೆ. ಏನಾಯ್ತೋ?"

"ಏನಿಲ್ಲತ್ತೆ. ಮನೇಲಿ ಉಡ..." ಎಂದು ಸತ್ಯ ಅರ್ಧ ಹೊರಗೆ ಬಂದಿತ್ತು. ಕಿವಿ ಕೆಂಪಾಯಿತು. ಸೀನು ಬಂತು. ಸೀನಿದ ರಭಸಕ್ಕೆ ತುಟಿ ಕೂಡಿಕೊಂಡು ಮಾತು ಬೇರೆ ರೂಪ ತಾಳಿತು. "...ಉಡುಪ. ಉಡುಪ ಅಂತ ಒಬ್ರು ಬಂದಿದಾರೆ."

ಉಡದ ನಡುವಿಗೆ ಒಂದು ಉಕಾರ ಸುತ್ತಿ, ಕೊನೆಗೊಂದು ಪಕಾರ ಕಟ್ಟಿ, ಬದರಿ ಅರ್ಧ ಕ್ಷಣದಲ್ಲಿ ಅದಕ್ಕೆ ಉಪನಯನ ಮಾಡಿಬಿಟ್ಟಿದ್ದ.

"ಯಾವ ಉಡುಪ? ಹೋಟ್ಲಿನೋರಾ?"

"ಅಲ್ಲ. ಗದ್ದೆ ಕಡೆಯೋರು."

"ಓ, ಜಮೀನ್ದಾರ್ರು. ಏನಾಗಿದೆ?"

"ಕಾಲಿಗೆ ಮಚ್ಚು ತಾಗಿದೆ."

"ಪಾಪ, ತಾವೇ ನಿಂತು ಬೇಸಾಯ ಮಾಡಿಸ್ತಾರೆ ಅನ್ನು. ಈಗಿನ ಕಾಲದಲ್ಲಿ ಯಾರು ಮಾಡ್ತಾರೆ. ವಾಸಿಯಾಗೋ ತನಕ ಕಳಿಸ್ಬೇಡ. ಗೋತ್ರ ಯಾವುದಂತೆ?"

ಬದರಿಗೆ ಸಾರು ನೆತ್ತಿಗೇರಿತು. ಗೋತ್ರ ಗೊತ್ತಿಲ್ಲದವರಿಗೆಲ್ಲ ಒಂದೇ ಗೋತ್ರ ಎಂದು ಸಣ್ಣವನಿದ್ದಾಗ ಅತ್ತೆಯೇ ಹೇಳಿಕೊಟ್ಟಿದ್ದರು. "ಕಾಶ್ಯಪ" ಎಂದ. ಹೇಳಿದ ಮೇಲೆ ಇದು ಸುಳ್ಳೂ ಅಲ್ಲವಲ್ಲ ಎನಿಸಿತು. ಹಾವು ಹಲ್ಲಿಯಾದಿಯಾಗಿ ನೆಲದ ಮೇಲೆ ತೆವಳುವ ಸಕಲ ಸಂತಾನಕ್ಕೂ ಆ ಋಷಿಯೇ ಅಪ್ಪ. ಹಾಗೆ ನೋಡಿದರೆ ಬಚ್ಚಲಲ್ಲಿ ಕೂತಿದ್ದವನು ಅನೇಕ ಕಾಶ್ಯಪರಿಗಿಂತ ಹತ್ತಿರದ ಸಂಬಂಧಿ.

ಅಂಬುಜಮ್ಮ ತಲೆದೂಗಿ, ಬಾಗಿಲ ಬಳಿ ಬಟ್ಟೆ ಮಡಿಸುತ್ತಿದ್ದ ಸೀತಾರಾಮನ ಮಗಳು ರಂಗನಾಯಕಿಯ ಕಡೆ ಒಂದು ನೋಟ ಹಾಯಿಸಿದರು. ಹುಡುಗಿಗೆ ಇಪ್ಪತ್ತನಾಲ್ಕು, ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಐದು ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋಗಿದ್ದರು. ಆ ನೋಟದ ಅರ್ಥ ಬದರಿಗೆ ಆಗ ತಿಳಿಯಲಿಲ್ಲ. ಉಪ್ಪಿನಕಾಯಿ ಕೇಳಿದ.

ಆವತ್ತಿನಿಂದ ಹೆಸರು ಉಡುಪ ಎಂದೇ ನಿಂತಿತು. ಉಡುಪರ ಊಟವನ್ನು ಬದರಿ ನರಸೀಪುರದ ಬಸ್‌ಸ್ಟ್ಯಾಂಡಿನಿಂದ ಟಿಫನ್ ಕ್ಯಾರಿಯರ್‌ನಲ್ಲಿ, ಮೇಲಿನ ಡಬ್ಬಿಯಲ್ಲಿ ಅತ್ತೆ ಕೊಟ್ಟ ಪಲ್ಯ, ಕೆಳಗಿನ ಡಬ್ಬಿಯಲ್ಲಿ ಹತ್ತಿಯ ನಡುವೆ ಎರಡು ಮೊಟ್ಟೆ, ಹೀಗೆ ಮಡಿ ಮೈಲಿಗೆಯ ಮಹಡಿ ಕಟ್ಟಿ ತರುತ್ತಿದ್ದ. ಚಿಪ್ಪುಗಳನ್ನು ಚಂಪಕ ಇಂಗ್ಲಿಷ್ ಪೇಪರಿನಲ್ಲಿ ಸುತ್ತಿ ಹಿತ್ತಿಲಲ್ಲಿ ಹೂಳುತ್ತಿದ್ದಳು. ಕನ್ನಡ ಪೇಪರಾದರೆ ಯಾರಾದರೂ ಬಿಡಿಸಿ ಓದಿಯಾರು ಎಂದು ಅವಳ ಲೆಕ್ಕಾಚಾರ.

ಗುರುವಾರ ಸಂಜೆ ಬದರಿ ಮನೆಗೆ ಬಂದಾಗ ಉಡುಪ ಮೊಟ್ಟೆ ಮುಟ್ಟಿರಲಿಲ್ಲ. ಬ್ಯಾಂಡೇಜು ಭದ್ರವಾಗಿತ್ತು, ಯಾವ ಲಾರಿ ಡ್ರೈವರೂ ಮೆಚ್ಚುವಂತಿತ್ತು. ಅದರಾಚೆಗಿನ ಬೆರಳುಗಳು ಮಾತ್ರ ಸಣ್ಣ ಬದನೆಕಾಯಿಯಂತೆ ಊದಿದ್ದವು. ಬದರಿ ಕತ್ತರಿ ತಂದು ಬಿಚ್ಚಿದ. ಬಿಗಿತದ ಗುರುತು ಸುತ್ತಲೂ ಕೂತಿತ್ತು. ಗಾಯವನ್ನು ಅಗಲಿಸಿದ್ದು ಮಚ್ಚಲ್ಲ, ಅವನ ಕಟ್ಟು.

ಮರುದಿನ ನರಸೀಪುರದಲ್ಲಿ ದನದ ಡಾಕ್ಟರರ ಬಾಗಿಲಿಗೆ ಹೋಗಿ ನಿಂತ. ಅವರು ವಿಷಯ ಕೇಳಿ ನಗು ತಡೆದರು.

"ನಮ್ಮ ಫಾರಂನಲ್ಲಿ ದನ, ಎಮ್ಮೆ, ಕುರಿ, ಮೇಕೆ ಅಂತ ಇದೆ ಕಣ್ರೀ. ಇದನ್ನ ಯಾವ ಕಾಲಂಗೆ ಹಾಕ್ಲಿ?"

"ಕಾಲಿನ ಕಾಲಂಗೇ ಹಾಕಿ ಸಾರ್."

ಡಾಕ್ಟರು ಆಗ ಸರಿಯಾಗಿಯೇ ನಕ್ಕು, ಆಮೇಲೆ ಕೂರಿಸಿ ಹೇಳಿದರು. ಕಟ್ಟುವುದೇ ಬೇಡ. ಟಿಂಚರ್ ಬೇಡ. ಉಪ್ಪುನೀರಲ್ಲಿ ಎರಡು ಹೊತ್ತು ತೊಳೆದು, ಚೆನ್ನಾಗಿ ಒಣಗಿಸಿ, ಸೋಫ್ರಾಮೈಸಿನ್ ಮುಲಾಮು ತೆಳ್ಳಗೆ ಸವರಿ ಬಿಡಿ. ಮಣ್ಣು ಮರಳಿನ ಮೇಲೆ ಬಿಡಬೇಡಿ, ಗಾಯಕ್ಕೆ ಹೋಗುತ್ತೆ. ಪೇಪರು ಹಾಸಿ, ದಿನಾ ಬದಲಾಯಿಸಿ. ಬೆಚ್ಚಗಿರಲಿ, ತಣ್ಣಗಿದ್ದರೆ ಆ ಜಾತಿಗೆ ಗಾಯ ಕೂಡೋದಿಲ್ಲ. ಕೀವು ಬಂತೋ, ಬೆರಳು ಕಪ್ಪಾಯಿತೋ, ಆಗ ಚೀಲದಲ್ಲಿ ಹಾಕ್ಕೊಂಡು ನನ್ನ ಹತ್ತಿರ ಬನ್ನಿ. ಮತ್ತೆ, ವಾಸಿಯಾದ ಮೇಲೆ ಇಟ್ಕೋಬೇಡಿ; ಅದು ಕಾಡಿನ ಸ್ವತ್ತು, ಈಗ ಕಾನೂನೂ ಇದೆ.

ಕಟ್ಟುವುದನ್ನೇ ಕಸುಬು ಮಾಡಿಕೊಂಡವನಿಗೆ ಕಟ್ಟಬೇಡ ಎನ್ನುವುದು ಪುರೋಹಿತನಿಗೆ ಮಂತ್ರ ಬೇಡ ಎಂದಂತೆ. ಬದರಿ ಬಸ್ಸಿನಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತು ಮನೆಗೆ ಬಂದ. ಆದರೂ ಹೇಳಿದಂತೆ ಮಾಡಿದ. ಬಚ್ಚಲ ಹಂಡೆಯ ಒಲೆ ಆರಿದ ಮೇಲೂ ಅದರ ಮಗ್ಗುಲು ಬೆಚ್ಚಗಿರುತ್ತಿತ್ತು. ಅಲ್ಲಿ ಪೇಪರು ಹಾಸಿದ ಕಾಫಿಪುಡಿಯ ಮರದ ಪೆಟ್ಟಿಗೆ ಇಟ್ಟ. ಬೆಳಗ್ಗೆ ಬಸ್ಸಿಗೆ ಹೋಗುವ ಮೊದಲು ಹಿತ್ತಿಲಿನ ಬಿಸಿಲಲ್ಲಿ ಅರ್ಧ ಗಂಟೆ. ಉಡುಪ ಬಿಸಿಲಿಗೆ ಹೊಟ್ಟೆ ಹರಡಿ ಮಲಗುವುದೂ, ಬದರಿ ಪಕ್ಕದಲ್ಲಿ ಕಾಫಿ ಕುಡಿಯುವುದೂ ನೋಡಿದರೆ ಇಬ್ಬರೂ ಒಂದೇ ಆಫೀಸಿನಿಂದ ನಿವೃತ್ತರಾದವರಂತೆ ಕಾಣುತ್ತಿತ್ತು. ಮೂರು ದಿನಕ್ಕೆ ಊತ ಇಳಿಯಿತು. ಐದನೆಯ ದಿನ ಚಂಪಕ "ಉಡುಪರೇ, ಊಟ" ಎಂದರೆ ಪೆಟ್ಟಿಗೆಯಿಂದ ಮೂತಿ ಬರುತ್ತಿತ್ತು. ಆದರೆ ಆ ಕಾಲನ್ನು ಮಾತ್ರ ಅದು ನೆಲಕ್ಕೆ ಊರುತ್ತಿರಲಿಲ್ಲ. ಮೂರು ಕಾಲಲ್ಲಿ ಕುಪ್ಪಳಿಸಿ, ನಾಲ್ಕನೆಯದನ್ನು ಮಡಿಯವರು ಸೆರಗೆತ್ತಿಕೊಂಡಂತೆ ಮೇಲಕ್ಕೆ ಹಿಡಿದಿರುತ್ತಿತ್ತು. ಅದು ಊರದೆ ಊರು ಬಿಡಿಸುವಂತಿಲ್ಲ. ಅಮಾವಾಸ್ಯೆ ಮಾತ್ರ ನಾಲ್ಕು ಕಾಲಲ್ಲಿ ಓಡಿಬರುತ್ತಿತ್ತು.

ನರಸೀಪುರದಲ್ಲಿ ದಿನವೂ ವಿಚಾರಣೆ.

"ಇವತ್ತು ಹೇಗಿದಾರೆ ಉಡುಪರು?"

"ಊತ ಇಳಿದಿದೆ ಅತ್ತೆ."

"ಮಾತುಕತೆ ಹೇಗೆ?"

"ಮಿತಭಾಷಿ."

"ಒಳ್ಳೇದು. ಹಿಂದೆ ಉಪ್ಪಿಟ್ಟು ತಿನ್ನೋಕೆ ಬಂದೋನು ಬಾಯಿ ಮುಚ್ಚಿದ್ರೆ ಕೇಳು. ಸಿಗರೇಟು ಗಿಗರೇಟು?"

"ಇಲ್ಲ. ಹಾಗೇನಿಲ್ಲ."

"ಮೈಬಣ್ಣ?"

"ಸ್ವಲ್ಪ... ಮಣ್ಣಿನ ಬಣ್ಣ."

"ಗಂಡಸಿಗೇನು ಬಣ್ಣ. ಸಂಸಾರ?"

"ಒಬ್ರೇ ಇರೋದು."

ಬದರಿಯ ಮಟ್ಟಿಗೆ ಒಂದೊಂದು ಉತ್ತರವೂ ಸತ್ಯ. ಸತ್ಯವನ್ನೇ ಪೋಣಿಸಿ ಇಷ್ಟು ದೊಡ್ಡ ಸುಳ್ಳನ್ನು ಕಟ್ಟಬಹುದೆಂದು ಅವನಿಗೂ ಗೊತ್ತಿರಲಿಲ್ಲ. ಬುಧವಾರ ಅಂಬುಜಮ್ಮ ಉಡುಪರಿಗೆಂದು ಒಂದು ಸೀಸೆ ಅಮೃತಬಳ್ಳಿಯ ಕಷಾಯ ಕೊಟ್ಟುಕಳಿಸಿದರು. ಶುಕ್ರವಾರ ಸಂಡಿಗೆ. ಶನಿವಾರ ಏನೂ ಕೇಳಲಿಲ್ಲ. ಸುಮ್ಮನೆ ಮುಗುಳ್ನಕ್ಕು ಎರಡು ಸಲ ತುಪ್ಪ ಬಡಿಸಿದರು. ಅದಕ್ಕೆ ಹೆದರಬೇಕಿತ್ತು, ಬದರಿ ಮೂರನೆಯ ಸಲಕ್ಕೂ ಕೈ ಒಡ್ಡಿದ.

ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಅಂಬುಜಮ್ಮ ನಂಜನಗೂಡಿನಲ್ಲಿ ಇಳಿದರು. ಮಡಿಸೀರೆಯ ಗಂಟು, ಒಂದು ಡಬ್ಬಿ ಕೋಡುಬಳೆ, ಸೆರಗಿನ ತುದಿಯಲ್ಲಿ ರಂಗನಾಯಕಿಯ ಜಾತಕ. ಸಂಕಲ್ಪಕ್ಕೆ ಭಂಗವಾಗದಂತೆ ಸಂಗಮದಲ್ಲಿ ಅರುಣೋದಯಕ್ಕೇ ಮುಳುಗೆದ್ದು ಬಂದಿದ್ದರು. ಕಾಲು ವಾಸಿಯಾಗಿ ವರ ಹೊರಟುಹೋಗುವ ಮೊದಲು ಒಂದು ಸಲ ಕಣ್ಣಾರೆ ನೋಡಿ, ಸಂಜೆಗೆ ಮರಳುವ ಯೋಚನೆ.

ಬಾಗಿಲು ತೆಗೆದ ಚಂಪಕ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೂ ಮನೆಯಲ್ಲಿ ಕಲಿತ ಕನ್ನಡವನ್ನೂ ಒಟ್ಟಿಗೇ ಮರೆತಳು.

"ಎಲ್ಲೇ ಉಡುಪರು?"

"ಸ್ನಾನ... ಮಾಡ್ತಿದಾರೆ." ಇದೂ ಸತ್ಯವೇ. ಬಚ್ಚಲಲ್ಲಿ ಬದರಿ ಬೇಸನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

"ಆಗ್ಲಿ, ಆಗ್ಲಿ. ಬೆಳಗ್ಗೆ ಎದ್ದ ತಕ್ಷಣ ಸ್ನಾನ. ಆಚಾರವಂತ್ರು." ಅಂಬುಜಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತು ಸೆರಗಿನ ಗಂಟು ಬಿಚ್ಚತೊಡಗಿದರು. ಚಂಪಕ ಬಚ್ಚಲಿಗೆ ಹೋಗಿ ಸುದ್ದಿ ಮುಟ್ಟಿಸಬೇಕೆಂದು ಎರಡು ಹೆಜ್ಜೆ ಇಟ್ಟಿದ್ದಳು. ಅಷ್ಟರಲ್ಲಿ ಒಳಗಿಂದ ಬದರಿಯ ದನಿ ಕೇಳಿಸಿತು.

"ಊರಿದ! ಚಂಪಕಾ, ಊರಿದ ಕಣೆ, ಕಾಲು ಊರಿದ!"

ಬಚ್ಚಲ ಬಾಗಿಲು ತೆರೆಯಿತು. ಮೊದಲು ಉಡುಪ ಬಂದ. ಒದ್ದೆ ಮೈ, ನಾಲ್ಕೂ ಕಾಲು ನೆಲದ ಮೇಲೆ. ಸ್ವಲ್ಪ ಕುಂಟು, ಆದರೆ ನಡಿಗೆ. ನಡುಮನೆಯ ಕೆಂಪು ಗಾರೆಯ ಮೇಲೆ ನಾಲ್ಕು ಪಾದದ ಒದ್ದೆ ಗುರುತು ಒಂದೇ ಸಮನಾಗಿ ಮೂಡುತ್ತ ಬಂತು. ಅದರ ಹಿಂದೆ ಪಂಚೆ ಮೇಲೆ ಕಟ್ಟಿದ ಬದರಿ, ಮಗ ಮೊದಲ ಹೆಜ್ಜೆ ಇಟ್ಟದ್ದನ್ನು ನೋಡುವ ಅಪ್ಪನ ಮುಖ ಹೊತ್ತು, ಎರಡೂ ಕೈ ಚಾಚಿಕೊಂಡು ಬಂದ. ಆಮೇಲೆ ಕಂಬದ ಬುಡ ನೋಡಿದ.

ಅಂಬುಜಮ್ಮನ ಕೈಯಲ್ಲಿ ಜಾತಕ ಬಿಡಿಸಿದ್ದು ಬಿಡಿಸಿದಂತೆಯೇ ಇತ್ತು. ಉಡುಪ ಅವರ ಮುಂದೆ ನಿಂತು ನಾಲಗೆ ಎರಡು ಸಲ ಹೊರಹಾಕಿ ಕೋಡುಬಳೆಯ ಡಬ್ಬಿಯ ಕಡೆ ತಿರುಗಿತು.

"ಇವರೇನಾ?" ಎಂದರು ಅಂಬುಜಮ್ಮ.

ಬದರಿಗೆ ಸೀನು ಬರಲಿಲ್ಲ. "ಹೂಂ ಅತ್ತೆ."

"ಕಾಶ್ಯಪ ಗೋತ್ರ."

"ಹೂಂ."

"ಮಿತಭಾಷಿ."

ಬದರಿ ತಲೆ ತಗ್ಗಿಸಿದ. "ತಪ್ಪಾಯ್ತತ್ತೆ. ಶಾಂತಿ ನಾನೇ ಮಾಡಿಸ್ತೀನಿ. ಆರು ತಿಂಗಳು ನರಸೀಪುರದಲ್ಲಿ ಒಂದು ರೂಮು ನೋಡ್ತೀನಿ, ನಿಮಗೆ ಸಂಗಮಾನೂ ಹತ್ರ ಆಗುತ್ತೆ. ಗಾಯ ಸಣ್ಣದಿತ್ತು, ಹಾಗೇ ಬಿಡೋಕೆ ಮನಸ್ಸಾಗ್ಲಿಲ್ಲ."

ಅಂಬುಜಮ್ಮ ಬೀದಿಯ ಬಾಗಿಲು ಮುಚ್ಚಿ ಬಾ ಎಂದು ಚಂಪಕಳಿಗೆ ಸನ್ನೆ ಮಾಡಿದರು.

"ನಾನು ಮದುವೆಯಾಗಿ ಬಂದ ಎರಡನೇ ವರ್ಷ 'ಅಟ್ಟದಲ್ಲಿ ಉಡ' ಅಂತ ಯಾರೋ ಅಂದ್ರು. ನೋಡಿದೋರು ಯಾರೂ ಇಲ್ಲ. ಮಾವನೋರು ಬೀಗ ಹಾಕಿಸಿದ್ರು. ಹುಲ್ಲಹಳ್ಳಿಲಿ ಒಂದು ಕೊಟ್ಟಿಗೇಲಿ ಆರು ತಿಂಗಳು ಇದ್ವಿ, ಮಳೆಗಾಲ. ಬಂದು ನೋಡಿದ್ರೆ ನನ್ನ ತವರಿನ ಸೀರೆ ಪೆಟ್ಟಿಗೆ ಗೆದ್ದಲು ತಿಂದು ಬರೀ ಬೀಗ ಉಳಿದಿತ್ತು. ಹೊಗೆಯ ನೆರಳೋ ಏನೋ ನೋಡಿ ಹೆದರಿದ್ರು ಅಂತ ಆಮೇಲೆ ಗೊತ್ತಾಯ್ತು. ಹದಿನಾರು ವರ್ಷದ ಸೊಸೆ ಮಾತು ಆಗ ಯಾರು ಕೇಳ್ತಾರೆ."

ಬದರಿಯ ಕಡೆ ತಿರುಗಿದರು. "ಸರಿಯಾಗಿ ಹೇಳು. ಇದು ತಾನಾಗಿ ಮನೆ ಹೊಕ್ಕಿದ್ದೋ, ನೀನು ಹೊತ್ತು ತಂದಿದ್ದೋ?"

"ಹೊತ್ತು ತಂದಿದ್ದು ಅತ್ತೆ. ಗೋಣೀಲಿ."

"ಹಾಗಾದ್ರೆ ಸುಮ್ನೆ ಯಾಕೆ ಬೀಗದ ಮಾತು. ಶಾಸ್ತ್ರ ಇರೋದು ಉಡ ಹೊಕ್ಕ ಮನೆಗೆ. ಹೊತ್ತ ಮನೆಗೆ ಯಾವ ಪಂಚಾಂಗದಲ್ಲೂ ಇಲ್ಲ. ಹೊಕ್ಕರೆ ದೋಷ, ಹೊತ್ತು ತಂದ್ರೆ ಅತಿಥಿ. ನಾನೂ ಹದಿನೈದು ದಿನ ಯೋಗಕ್ಷೇಮ ಕೇಳಿದೀನಿ, ಕಷಾಯ ಕಳಿಸಿದೀನಿ. ಉಪಚಾರ ಮಾಡಿದ ಮೇಲೆ ಅಪಶಕುನ ಅಂದ್ರೆ ಅದು ಮರ್ಯಾದೆಯಾ? ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳ್ಸು."

ಕ-ಒತ್ತು ಹೋಗಿ ತ-ಒತ್ತು ಬಂದದ್ದರಿಂದ ಒಂದು ಮನೆ ಉಳಿಯಿತು. ಬದರಿಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು, ಬಿದ್ದ. ಅಂಬುಜಮ್ಮ ಕಾಲೆಳೆದುಕೊಂಡು, "ಮೊದಲು ಅವರ ಕಾಲು ಒರೆಸು, ಹಸಿಯಿದೆ" ಎಂದರು.

ಅಂದು ಮಧ್ಯಾಹ್ನವೇ ನಿಂಗರಾಜುವಿಗೆ ಹೇಳಿಕಳಿಸಿದರು. ಕಬ್ಬಿನ ಗದ್ದೆ ಬೇಡವೆಂದು ಮನೆಯ ಮೂವರೂ ಅವನ ಜೊತೆ ಊರಾಚೆ ನಾಲೆಯ ಏರಿಯ ಮೇಲೆ, ಲಂಟಾನದ ಪೊದೆಗಳಿದ್ದ ಕಡೆ ಹೋಗಿ ಚೀಲ ಬಿಚ್ಚಿದರು. ಉಡುಪ ಬಿಸಿಲಿಗೆ ಒಂದು ನಿಮಿಷ ಮೈ ಕಾಯಿಸಿ, ಹಿಂದೆ ನೋಡದೆ, ನಾಲ್ಕು ಕಾಲಲ್ಲಿ ಪೊದೆಯೊಳಗೆ ಹೋಯಿತು.

"ಒಂದ್ ಥ್ಯಾಂಕ್ಸೂ ಇಲ್ವಲ್ಲ ಸಾ" ಎಂದ ನಿಂಗರಾಜು.

"ಮಿತಭಾಷಿ ಕಣಯ್ಯ" ಎಂದರು ಅಂಬುಜಮ್ಮ. ಅವರೂ ಏರಿಯ ತನಕ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ.

ಮನೆ ಉಳಿದರೂ ಬದರಿಗೆ ಶಿಕ್ಷೆ ತಪ್ಪಲಿಲ್ಲ. "ಸೀತಾರಾಮನ ಮನೇಲಿ ನಿಜ ಹೇಳ್ಬೇಕಾದೋನು ನೀನೇ" ಎಂದು ಆಜ್ಞೆ ಮಾಡಿ ಅತ್ತೆ ಸಂಜೆಯ ಬಸ್ಸಿಗೆ ಮರಳಿದರು, ಅಲ್ಲಿ ತಾವಾಗಿ ಏನೂ ಹೇಳಲಿಲ್ಲ. ಸೋಮವಾರ ಮಧ್ಯಾಹ್ನ ಅಲ್ಲಿಗೆ ಹೋದರೆ ಆಗಲೇ ರವೆ ಹುರಿಯುವ ವಾಸನೆ. ಕುಂಟುತ್ತ ಬಂದರೂ ಬರಬಹುದು ಎಂದು ವರನಿಗಾಗಿ ಕುರ್ಚಿ ಜಗಲಿಗೇ ಹಾಕಿದ್ದರು. ಬದರಿ ಎಲ್ಲವನ್ನೂ ಒಂದೇ ಉಸಿರಲ್ಲಿ ಹೇಳಿ ಮುಗಿಸಿದ. ಸೀತಾರಾಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ರಂಗನಾಯಕಿ ಬಾಗಿಲಿಗೆ ಬಂದಳು. ನಗುವನ್ನು ಸೆರಗಿನಲ್ಲಿ ಹಿಡಿದಿದ್ದಳು.

"ಐದು ಜನಕ್ಕಿಂತ ಈತನೇ ವಾಸಿ ಬದರಿ ಮಾವ. ವರದಕ್ಷಿಣೆ ಕೇಳ್ಲಿಲ್ಲ, ಹಾಡು ಹೇಳು ಅನ್ಲಿಲ್ಲ. ಬಾಲ ಇದೆ ಅಂತ ಮೊದ್ಲೇ ತೋರಿಸ್ಬಿಟ್ಟ. ಮಿಕ್ಕೋರು ಮುಚ್ಚಿಟ್ಕೊಂಡು ಬಂದಿದ್ರು. ಬನ್ನಿ, ಉಪ್ಪಿಟ್ಟು ಆರಿಹೋಗುತ್ತೆ."

ಸೀತಾರಾಮ ಮೊದಲು ನಕ್ಕ, ಆಮೇಲೆ ಒಳಗಿನವರು. ಬದರಿ ವರನಿಗೆಂದು ಹಾಕಿದ್ದ ಕುರ್ಚಿಯಲ್ಲೇ ಕೂತು, ವರನಿಗೆಂದು ಗೋಡಂಬಿ ಸುರಿದು ಮಾಡಿದ್ದ ಉಪ್ಪಿಟ್ಟನ್ನು, ತಟ್ಟೆ ಖಾಲಿಯಾದಂತೆಲ್ಲ ಇನ್ನೂ ಸ್ವಲ್ಪ ಎಂದು ಹಾಕಿಸಿಕೊಂಡು, ಆಸ್ಪತ್ರೆಗೆ ಅರ್ಧ ಗಂಟೆ ತಡವಾಗಿ ಹೋದ.